ಆ ವರ್ಷ ಉಪ್ಪು ಕಡಿಮೆ ಮಾಡಿದೆ

ಅಪ್ಪೆಮಿಡಿ ವರ್ಷಕ್ಕೆ ಒಂದೇ ಸಲ ಸಿಗುತ್ತದೆ. ಮರ ಹೂ ಬಿಟ್ಟು, ಆ ಹೂವು ಮೋಡ ಮತ್ತು ಜಿಗಿಹುಳುವಿನ ಕಾಟ ದಾಟಿ ಉಳಿದು, ಕಾಯಿ ಕಟ್ಟಿದ ಕೆಲವೇ ವಾರಗಳಲ್ಲಿ ಕೊಯ್ಯಬೇಕು. ಒಳಗೆ ಗೊರಟು ಗಟ್ಟಿಯಾಯಿತೆಂದರೆ ಅದು ಮಿಡಿಯಲ್ಲ, ಮಾವಿನಕಾಯಿ. ಹಾಗಾಗಿ ಮಿಡಿ ಉಪ್ಪಿನಕಾಯಿ ಮಾರುವವರು ಯುಗಾದಿಯ ಆಚೀಚೆಗೆ ಇಡೀ ವರ್ಷದ ವ್ಯಾಪಾರವನ್ನು ತೀರ್ಮಾನಿಸಿಬಿಡಬೇಕು. ಎಷ್ಟು ಸಾವಿರ ಮಿಡಿ, ಎಷ್ಟು ಚೀಲ ಉಪ್ಪು, ಎಷ್ಟು ಮೆಣಸು, ಎಷ್ಟು ಸಾಸಿವೆ. ಆಮೇಲೆ ಬೇಕೆಂದರೆ ಸಿಗುವುದಿಲ್ಲ, ಬೇಡವೆಂದರೆ ಹಿಂದಕ್ಕೆ ಕೊಡಲು ಬರುವುದಿಲ್ಲ. ಇಂಥ ವ್ಯಾಪಾರವನ್ನು, ಇವತ್ತಿನ ನಿಯಮ ನಾಳೆಗಿಲ್ಲದ ಸೋಶಿಯಲ್ ಮೀಡಿಯಾದ ಮೇಲೆ ನಿಲ್ಲಿಸಲು ಹೋಗಿ ಕೈ ಸುಟ್ಟುಕೊಂಡವಳು ನಾನು. ನಮ್ಮ ಸುತ್ತಿನ ಊರುಗಳಲ್ಲಿ ಈಗ ಹಪ್ಪಳ, ಬಾಳೆಕಾಯಿ ಚಿಪ್ಸು, ಜೋನಿಬೆಲ್ಲ, ಹಲಸಿನ ಹಣ್ಣಿನ ಕಡುಬಿನ ಹಿಟ್ಟು ಎಂದು ಮೊಬೈಲ್ ಹಿಡಿದು ಮಾರಲು ಹೊರಟ ಹೆಣ್ಣುಮಕ್ಕಳು ತುಂಬ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಇದು ಮಾರ್ಚ್ ತಿಂಗಳಿಗೆ ಮುಂಚೆ ಸಿಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ವ್ಯಾಪಾರ ಯಾವ ವೇದಿಕೆಯ ಮೇಲಿತ್ತು ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ಇದು ದೂರು ಹೇಳಿದಂತಾಗುತ್ತದೆ. ನಾನು ಹೇಳಬೇಕಾದದ್ದು ನನ್ನ ಕೈಯಾರೆ ಆದದ್ದನ್ನು.

ನಮ್ಮದು ಸಾಗರ ತಾಲೂಕಿನ ಹಳ್ಳಿ. ಸಣ್ಣ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ, ಬೆಟ್ಟದ ಬುಡದಲ್ಲಿ ಹಳ್ಳ. ಅಪ್ಪೆ ಮರಗಳು ಹೆಚ್ಚಾಗಿ ಇರುವುದೇ ಇಂಥ ಹೊಳೆ-ಹಳ್ಳಗಳ ದಂಡೆಯಲ್ಲಿ. ಶರಾವತಿ, ವರದಾ, ಅಘನಾಶಿನಿ ಕಣಿವೆಗಳಲ್ಲಿ ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಒಂದೊಂದು ಹೆಸರು: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಅಪ್ಪೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನಮ್ಮ ಅತ್ತೆಯವರ ಉಪ್ಪಿನಕಾಯಿ ಊರಿನಲ್ಲಿ ಹೆಸರಾದದ್ದು. ಅವರು ಮಾಡುವ ಕ್ರಮವನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ನಾನು ಮುಂದೆ ಕೆಡಿಸಿದ್ದು ಅದನ್ನೇ.

ಮಿಡಿಯನ್ನು ಮರದಿಂದ ಉದುರಿಸಬಾರದು. ಹತ್ತಿದವರು ಕೈಯಿಂದಲೇ ಬಿಡಿಸಿ, ಬುಟ್ಟಿಗೆ ಹಗ್ಗ ಕಟ್ಟಿ ಕೆಳಗಿಳಿಸಬೇಕು. ನೆಲಕ್ಕೆ ಬಿದ್ದ ಮಿಡಿಗೆ ಒಳಗೇ ಪೆಟ್ಟಾಗಿರುತ್ತದೆ, ಹೊರಗಿಂದ ಕಾಣುವುದಿಲ್ಲ. ಭರಣಿ ಸೇರಿದ ಮೇಲೆ ತಾನೂ ಕೊಳೆತು ಪಕ್ಕದವನ್ನೂ ಕೊಳೆಸುತ್ತದೆ. ತೊಟ್ಟು ಇರಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ತೊಳೆದು, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ಹರಳುಪ್ಪು ಒಂದು ಪದರ, ಮಿಡಿ ಒಂದು ಪದರ ಹೀಗೆ ಭರಣಿ ತುಂಬಬೇಕು. ಮಿಡಿ ತಾನೇ ನೀರು ಬಿಡುತ್ತದೆ, ಆ ನೀರಿನಲ್ಲೇ ಮುರುಟುತ್ತದೆ. ಸರಿಯಾಗಿ ಮುರುಟಿದ ಮೇಲೆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರಾ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು, ಅರಿಶಿನ ಬೀಸಿ ಮಿಡಿಗೆ ಕಲಸುವುದು. ಎಣ್ಣೆಯ ಮಾತೇ ಇಲ್ಲ. ಉಪ್ಪು ಒಂದೇ ಅದನ್ನು ಕಾಯುವುದು. ಅತ್ತೆಯವರ ಭರಣಿಯ ಮಿಡಿ ಎರಡನೇ ವರ್ಷದ ಮಳೆಗಾಲದಲ್ಲೂ ಹಲ್ಲಿಗೆ ಕರಕರ ಎನ್ನುತ್ತಿತ್ತು.

2020ರ ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಅಡಿಕೆಗೆ ಎಲೆಚುಕ್ಕಿ ರೋಗದ ಹೆದರಿಕೆ, ಮಗಳ ಹಾಸ್ಟೆಲ್ ಖರ್ಚು ಎಲ್ಲ ಸೇರಿ, ಮನೆಗೆ ಇನ್ನೊಂದು ದುಡಿಮೆ ಬೇಕಾಗಿತ್ತು. ಉಪ್ಪಿನಕಾಯಿ ಫೋಟೊ ಹಾಕಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಇರುವ ನಮ್ಮ ಕಡೆಯವರು ಕೇಳಿದರು, ಕಳಿಸಿದೆ. ಅವರು ಅಕ್ಕಪಕ್ಕದವರಿಗೆ ಹೇಳಿದರು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿದೆ. ಆಗ ವರ್ಷಕ್ಕೆ ಹನ್ನೆರಡು ಲಕ್ಷದೊಳಗಿನ ವಹಿವಾಟಿಗೆ ಅದು ಸುಲಭದ ಕೆಲಸವಾಗಿತ್ತು, ವರ್ಷಕ್ಕೆ ನೂರು ರೂಪಾಯಿ ಶುಲ್ಕವಿತ್ತು. ಬಾಟಲಿಗೆ ಚೀಟಿ ಅಂಟಿಸಿದೆ. ಮೊದಲ ಎರಡು ವರ್ಷ ಮಾಡಿದ್ದಷ್ಟೂ ಖರ್ಚಾಯಿತು. ಈಗ ಹಿಂತಿರುಗಿ ನೋಡಿದರೆ, ಆ ವ್ಯಾಪಾರ ಆರೋಗ್ಯವಾಗಿತ್ತು. ನನಗದು ಸಣ್ಣದಾಗಿ ಕಂಡಿತು.

2022ರ ಆಲೆಮನೆ ಸಮಯದಲ್ಲಿ ಅತ್ತೆಯವರು ತೊಡದೇವು ಎಂಬ ಸಿಹಿತಿಂಡಿ ಎರೆಯುವುದನ್ನು ಮಗಳು ವಿಡಿಯೊ ಮಾಡಿದಳು. ಒಲೆಯ ಮೇಲೆ ಮಡಕೆ ಕವುಚಿ ಇಟ್ಟಿರುತ್ತದೆ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆ ಅಕ್ಕಿಹಿಟ್ಟಿಗೆ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ, ಕಾದ ಮಡಕೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಸವರುತ್ತಾರೆ. ಚುಂಯ್ ಎಂದು ಆವಿ ಏಳುತ್ತದೆ. ಕಾಗದದಂಥ ಪದರ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ, ತುಪ್ಪ ಸವರಿ, ಬಿಸಿಯಿರುವಾಗಲೇ ಮಡಚಿ ತೆಗೆಯಬೇಕು. ಅರೆಗಳಿಗೆ ತಡವಾದರೆ ಪುಡಿ. ವಿಡಿಯೊದಲ್ಲಿ ಮಾತಿರಲಿಲ್ಲ. ಮಡಕೆ, ಕೈ, ಆವಿ, ಅಷ್ಟೆ.

ಅದನ್ನು ಲಕ್ಷಗಟ್ಟಲೆ ಜನ ನೋಡಿದರು. ಬೆಳಗ್ಗೆ ಎದ್ದು ನೋಡಿದರೆ ಹಿಂದಿನ ರಾತ್ರಿಗಿಂತ ಎರಡರಷ್ಟು. ಕೇರಳದವರು, ಬಂಗಾಳದವರು, ಯಾವುದೋ ಲಿಪಿಯಲ್ಲಿ ಬರೆದ ಮೆಚ್ಚುಗೆಗಳು. ನಾನು ಕನ್ನಡದಲ್ಲಿ ಕೊಟ್ಟ ಫೋನ್ ನಂಬರು, ವಿಳಾಸ, ದರ ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಓದಲೇ ಬರುತ್ತಿರಲಿಲ್ಲ. ಅದು ನನಗೆ ಹೊಳೆಯಲಿಲ್ಲ. ಫಾಲೋವರ್ಸ್ ಸಂಖ್ಯೆ ಏರಿದಂತೆಲ್ಲ ಅಷ್ಟೂ ಜನ ಬಾಟಲಿ ಹಿಡಿದು ನಮ್ಮ ಅಂಗಳದಲ್ಲಿ ಸಾಲು ನಿಂತ ಹಾಗೆ ಭಾಸವಾಗುತ್ತಿತ್ತು. ನಮ್ಮನೆಯವರು ಸಂಜೆ ತೋಟದಿಂದ ಬಂದ ಕೂಡಲೇ "ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಮಾರಾಟವನ್ನಲ್ಲ.

ಕೊಳ್ಳುವವರೂ ಬಂದರು. ಅವರಿಗೆ ಬೇಕಾಗಿದ್ದದ್ದು ತೊಡದೇವು. ನಾವು ಮಾರುತ್ತಿದ್ದದ್ದು ಉಪ್ಪಿನಕಾಯಿ. ತೊಡದೇವನ್ನು ಡಬ್ಬಿಯಲ್ಲಿಟ್ಟು, ಸುತ್ತ ಪೇಪರ್ ತುರುಕಿ, ಕೊರಿಯರಿಗೆ ಕೊಟ್ಟರೆ ಬೆಂಗಳೂರು ಮುಟ್ಟುವಾಗ ಸಿಹಿ ಪುಡಿಯಾಗಿರುತ್ತಿತ್ತು. ದುಡ್ಡು ವಾಪಸು ಕೊಟ್ಟೆ, ಮತ್ತೆ ಕಳಿಸಿದೆ, ಮತ್ತೆ ಪುಡಿಯಾಯಿತು. ಆಲೆಮನೆ ಮುಗಿದು ಕಬ್ಬಿನ ಹಾಲಿಲ್ಲದ ಮೇಲೂ ಜನ ಕೇಳುತ್ತಲೇ ಇದ್ದರು. ಬೆಲ್ಲ ಹಾಕಿ ಮಾಡಿದೆವು. ಬಟ್ಟೆಯಲ್ಲಿ ಸವರುವುದು ಕೊಳಕು ಎಂದು ಕೆಲವರು ಬರೆದರು. ಅಂಗಡಿಯಿಂದ ಬ್ರಶ್ ತಂದೆ. ಬ್ರಶ್ಶಿನಲ್ಲಿ ಸವರಿದ್ದು ದಪ್ಪವಾಯಿತು, ತೊಡದೇವು ಆಗಲಿಲ್ಲ. ಅತ್ತೆಯವರು ಪ್ರತಿದಿನ ಒಗೆದು ಒಣಗಿಸುತ್ತಿದ್ದ ಆ ಬಟ್ಟೆಯನ್ನು ನಾನು ಕ್ಯಾಮೆರಾ ಎದುರಿಂದ ಎತ್ತಿ ಆಚೆ ಇಟ್ಟ ದಿನ ಅವರು ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ವಿಡಿಯೊಗೆ ಕೂರಲಿಲ್ಲ. ಇದನ್ನು ಬರೆಯುವುದು ನನಗೆ ಇವತ್ತೂ ಸುಲಭವಲ್ಲ.

ಆ ಹೊತ್ತಿಗೆ ನನ್ನ ಕೆಲಸ ಯಾವುದು ಎನ್ನುವುದೇ ಬದಲಾಗಿತ್ತು. ಬೆಳಗ್ಗೆ ಯಾವ ಹೊತ್ತಿಗೆ ಹಾಕಿದರೆ ಹೆಚ್ಚು ಜನ ನೋಡುತ್ತಾರೆ, ಮೊದಲ ಮೂರು ಸೆಕೆಂಡಿನಲ್ಲಿ ಏನು ತೋರಿಸಬೇಕು, ಈ ವಾರ ಯಾವ ಹಾಡು ಓಡುತ್ತಿದೆ ಎಂದು ತಲೆಯೊಳಗೆ ಅದೇ. ಮಿಡಿ ಉಪ್ಪಿನಕಾಯಿ ನೋಡಲು ಚಂದವಿಲ್ಲ. ಕಂದು ಬಣ್ಣ, ಮುರುಟಿದ ಚರ್ಮ. ಅದರ ವಿಡಿಯೊ ಯಾರೂ ನೋಡುತ್ತಿರಲಿಲ್ಲ. ಮೇಲಿಂದ ಕೆಂಪು ಮೆಣಸಿನ ಪುಡಿ ಉದುರಿಸಿ, ಬಿಸಿ ಎಣ್ಣೆಯ ಒಗ್ಗರಣೆ ಸುರಿದು, ಅದು ಭುಸ್ ಎಂದು ಏಳುವುದನ್ನು ತೋರಿಸಿದರೆ ಮಾತ್ರ ಸಂಖ್ಯೆ ಮೇಲೇಳುತ್ತಿತ್ತು. ಹಾಗಾದರೆ ಹಾಗೇ ಮಾಡೋಣ ಎಂದುಕೊಂಡೆ. ಮೊದಲು ವಿಡಿಯೊಗಾಗಿ ಮಾತ್ರ, ಆಮೇಲೆ ಬಾಟಲಿಗೂ.

2023ರ ಬೇಸಿಗೆಗೆ ಮುಂಚೆ ಚಿನ್ನ ಅಡವಿಟ್ಟು ಸಾಲ ತೆಗೆದೆ. ನಮ್ಮ ಬೆಟ್ಟದ ಮಿಡಿ ಸಾಲದೆಂದು ಹೊಸನಗರ, ರಿಪ್ಪನ್‌ಪೇಟೆ ಕಡೆಯಿಂದ ತರಿಸಿದೆ. ಹಿಂದಿನ ವರ್ಷದ ನಾಲ್ಕು ಪಟ್ಟು. ಅಷ್ಟು ಮಿಡಿಯನ್ನು ಒಂದೊಂದಾಗಿ ಒರೆಸಲು ಕೈ ಸಾಲುವುದಿಲ್ಲ. ಗುಡ್ಡೆ ಹಾಕಿ, ಗಾಳಿಗೆ ಒಣಗಿಸಿ ತುಂಬಿದೆವು. ತೊಟ್ಟು ಮುರಿದವನ್ನು ಆರಿಸಿ ತೆಗೆಯಲಿಲ್ಲ. "ತುಂಬ ಉಪ್ಪು, ಬಿಪಿ ಇರುವವರಿಗೆ ಆಗುವುದಿಲ್ಲ" ಎಂದು ಬರೆಯುವವರು ಹೆಚ್ಚಾಗಿದ್ದರು. ಅದಕ್ಕೆ ಅರ್ಧದಷ್ಟು ಭರಣಿಗಳಿಗೆ ಉಪ್ಪು ಕಡಿಮೆ ಮಾಡಿದೆ. ಕಡಿಮೆ ಉಪ್ಪಿನ ಅಪ್ಪೆಮಿಡಿ ಎಂದು ಬೇರೆ ಚೀಟಿ ಅಚ್ಚು ಹಾಕಿಸಿದೆ. ಅತ್ತೆಯವರು ಭರಣಿಯೊಳಗೆ ಕೈ ಹಾಕಿ, ನೀರು ನಾಲಿಗೆಗೆ ಮುಟ್ಟಿಸಿ ನೋಡಿ, "ಇಷ್ಟು ಉಪ್ಪಿಗೆ ಮಿಡಿ ಉಳಿತಿಲ್ಲೆ ತಂಗೀ" ಎಂದರು. ಎಣ್ಣೆ ಇದೆಯಲ್ಲ, ಉಳಿಯುತ್ತದೆ ಎಂದೆ. ಎಣ್ಣೆ ಮೇಲೆ ನಿಲ್ಲುತ್ತದೆ, ಮಿಡಿಯೊಳಗೆ ಇಳಿಯುವುದು ಉಪ್ಪು ಮಾತ್ರ ಎನ್ನುವುದು ಅವರಿಗೆ ಅರವತ್ತು ವರ್ಷದ ಅಡುಗೆಮನೆಯಿಂದ ಗೊತ್ತಿತ್ತು. ನನಗೆ ಹೇಳಿದವರು, ಒಂದು ಮಿಡಿಯನ್ನೂ ಭರಣಿಗಿಳಿಸದೆ ಮೊಬೈಲಿನಲ್ಲಿ ನೋಡುತ್ತಿದ್ದವರು. ನಾನು ಯಾರ ಮಾತು ಕೇಳಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ನನ್ನ ಪೇಜು ತಣ್ಣಗಾಯಿತು. ಯಾವ ದಿನ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಇಂಥದ್ದಕ್ಕೆ ನೋಟಿಸು ಬರುವುದಿಲ್ಲ. ನಿನ್ನೆ ಸಾವಿರಾರು ಜನ ನೋಡುತ್ತಿದ್ದ ಜಾಗದಲ್ಲಿ ಇವತ್ತು ನೂರಿನ್ನೂರು ಜನ. ಮೊದಲು ನನ್ನ ವಿಡಿಯೊದಲ್ಲೇ ಏನೋ ತಪ್ಪಿದೆ ಎಂದುಕೊಂಡು ಬೆಳಕು ಬದಲಿಸಿದೆ, ಹಾಡು ಬದಲಿಸಿದೆ, ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಆಮೇಲೆ ದುಡ್ಡು ಕೊಟ್ಟು ಬೂಸ್ಟ್ ಮಾಡಿದೆ. ಬೂಸ್ಟ್ ಮಾಡಿದ ದಿನ ಜನ ಬರುತ್ತಿದ್ದರು, ನಿಲ್ಲಿಸಿದ ದಿನ ನಿಲ್ಲುತ್ತಿದ್ದರು. ಒಂದು ಬಾಟಲಿ ಮಾರಲು ಜಾಹೀರಾತಿಗೆ ಎಷ್ಟು ಹೋಯಿತು ಎಂದು ಮಗಳು ಒಂದು ಭಾನುವಾರ ಕೂತು ಲೆಕ್ಕ ಹಾಕಿದಳು. ಜಾಹೀರಾತಿನ ಮೇಲಿನ ಜಿಎಸ್‌ಟಿ, ಬಾಟಲಿ, ಡಬ್ಬ, ಅಂಚೆ ಖರ್ಚು ಎಲ್ಲ ಕಳೆದರೆ ಒಳಗಿನ ಉಪ್ಪಿನಕಾಯಿಗೆ ಏನೂ ಉಳಿದಿರಲಿಲ್ಲ. ಮಿಡಿ, ಉಪ್ಪು, ಸಾಸಿವೆ, ಮೂರು ಹೆಂಗಸರ ಕೈಕೆಲಸ ಅಷ್ಟನ್ನೂ ನಾವು ಪುಕ್ಕಟೆ ಕೊಡುತ್ತಿದ್ದೆವು.

ಅದೇ ಆಷಾಢದಲ್ಲಿ ಕಡಿಮೆ ಉಪ್ಪಿನ ಭರಣಿಗಳ ಮೇಲೆ ಬಿಳಿ ಪೊರೆ ಕಟ್ಟಿತು. ಒಂದನ್ನು ತೆಗೆದು ಹಿಚುಕಿದರೆ ಬೆರಳಿನ ನಡುವೆ ಮೆತ್ತಗೆ ಕುಸಿಯಿತು. ಕೆಲವು ಬಾಟಲಿಗಳು ಆಗಲೇ ಗಿರಾಕಿಗಳ ಮನೆ ಸೇರಿದ್ದವು. ಮುಚ್ಚಳ ತೆಗೆದಾಗ ನೊರೆ ಉಕ್ಕಿದ ಫೋಟೊಗಳನ್ನು ಅವರು ಕಳಿಸಿದರು, ಕೆಲವರು ಎಲ್ಲರಿಗೂ ಕಾಣುವ ಹಾಗೆ ಹಾಕಿದರು. ಅವರು ಮಾಡಿದ್ದು ಸರಿ. ಭರಣಿಗಳನ್ನು ತೋಟದಲ್ಲಿ ಸುರಿದರೆ ಅಡಿಕೆ ಮರದ ಬೇರಿಗೆ ಉಪ್ಪು ಏಟು. ಹಾಗಾಗಿ ಮಳೆಯಲ್ಲೇ ಹುಲ್ಲುಬೇಣದ ಮೇಲೆ ಹೊತ್ತುಕೊಂಡು ಹೋಗಿ, ಗುಂಡಿ ತೋಡಿ ಹೂತೆವು. ಎಷ್ಟೋ ಜನ ಜೀವ ಒತ್ತೆಯಿಟ್ಟು ಮರ ಹತ್ತಿ ಇಳಿಸಿದ ಮಿಡಿ ಅದು. ಅದನ್ನು ಮಣ್ಣಿಗೆ ಹಾಕುವಾಗ ನನಗೆ ಸಾಲದ ನೆನಪಿಗಿಂತ ಅದೇ ಹೆಚ್ಚು ಸಂಕಟವಾಯಿತು.

ಇನ್ನೊಂದು ಏಟು ಬಾಕಿಯಿತ್ತು. ನನ್ನ ಖಾತೆ ಒಂದು ದಿನ ತೆರೆಯಲಿಲ್ಲ. ನಿಯಮ ಮೀರಿದ್ದೇನೆ ಎಂಬ ಒಂದು ಸಾಲು, ಯಾವ ನಿಯಮ ಎಂದಿಲ್ಲ. ಫೋನ್ ಮಾಡಲು ನಂಬರಿಲ್ಲ, ಹೋಗಿ ನಿಲ್ಲಲು ಕಚೇರಿಯಿಲ್ಲ. ಕೆಲವು ವಾರಗಳ ಮೇಲೆ ಅದು ತಾನಾಗಿ ತೆರೆದುಕೊಂಡಿತು ನಿಜ. ಆ ವಾರಗಳಲ್ಲೇ ನನಗೆ ತಿಳಿದದ್ದು: ಹಾಳಾದ ಬಾಟಲಿ ತಲುಪಿದವರಿಗೆ ದುಡ್ಡು ವಾಪಸು ಕೊಡಬೇಕೆಂದು ಕೂತರೆ, ಅವರು ಯಾರು ಎಂದೇ ನನಗೆ ಗೊತ್ತಿಲ್ಲ. ಮೂರು ವರ್ಷದ ಗಿರಾಕಿಗಳ ವಿಳಾಸ, ಫೋನು, ಯಾರಿಗೆ ಜೀರಿಗೆ ಅಪ್ಪೆ ಇಷ್ಟ, ಯಾರಿಗೆ ಬೆಳ್ಳುಳ್ಳಿ ಆಗದು ಎಲ್ಲವೂ ಆ ಮೆಸೇಜುಗಳೊಳಗೆ. ಬರೆದಿಟ್ಟುಕೊಳ್ಳುವ ಬುದ್ಧಿ ನನಗೆ ಬಂದಿರಲಿಲ್ಲ.

ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ರಸೀದಿಗಳು ಒಂದು ಡಬ್ಬಿಯಲ್ಲಿದ್ದವು. ಅವುಗಳಲ್ಲಿ ಹೆಸರು, ಊರು, ಪಿನ್‌ಕೋಡು ಇದೆ, ಪೂರ್ತಿ ವಿಳಾಸವಿಲ್ಲ. ಹಳೆಯವು ಅಕ್ಷರ ಮಾಸಿ ಬೆಳ್ಳಗಾಗಿದ್ದವು. ಮಗಳಿಗೆ ಹೊಳೆದದ್ದು ಬ್ಯಾಂಕ್ ಸ್ಟೇಟ್‌ಮೆಂಟು. ದುಡ್ಡು ಯುಪಿಐನಲ್ಲಿ ಬಂದಿರುತ್ತದಲ್ಲ. ಎಷ್ಟೋ ಜನರ ಯುಪಿಐ ಐಡಿ ಎಂದರೆ ಅವರ ಮೊಬೈಲ್ ನಂಬರೇ. ರಸೀದಿಯ ಹೆಸರು, ಸ್ಟೇಟ್‌ಮೆಂಟಿನ ಹೆಸರು, ತಾರೀಖು ಮೂರನ್ನೂ ತಾಳೆ ಹಾಕುತ್ತ ಕೂತೆವು. ಸಿಕ್ಕಿದವರಿಗೆಲ್ಲ ನಾನೇ ಫೋನ್ ಮಾಡಿದೆ. ಕೆಲವರು ನಂಬರ್ ಎಲ್ಲಿಂದ ಸಿಕ್ಕಿತು ಎಂದು ಸಿಟ್ಟಾದರು, ಕ್ಷಮೆ ಕೇಳಿ ಇಟ್ಟೆ. ಹೆಚ್ಚಿನವರು ಮಾತಾಡಿದರು. ಹಾಗೆ ಮಾತಾಡುತ್ತ ಹೋದಂತೆ ಒಂದು ಸಂಗತಿ ಗೊತ್ತಾಯಿತು. ಎರಡನೇ ಸಲ, ಮೂರನೇ ಸಲ ತರಿಸಿಕೊಂಡವರಲ್ಲಿ ಬಹುತೇಕರು ತೊಡದೇವಿನ ವಿಡಿಯೊ ನೋಡಿ ಬಂದವರೇ ಅಲ್ಲ. ಅದಕ್ಕಿಂತ ಮುಂಚಿನವರು ಅಥವಾ ಅವರು ಹೇಳಿ ಕಳಿಸಿದವರು. ಮೈಸೂರಿನ ಒಬ್ಬ ಹಿರಿಯರು, ಎಣ್ಣೆ ಹಾಕಿದ್ದು ಬಂದಾಗಲೇ ಬೇರೆ ಕಡೆ ನೋಡಿಕೊಂಡೆವು, ಹೇಳಿದರೆ ನಿಮಗೆ ಬೇಜಾರಾಗಬಹುದು ಎಂದು ಹೇಳಲಿಲ್ಲ ಎಂದರು. ಆ ವರ್ಷ ನನ್ನ ಪೇಜಿನ ಕೆಳಗೆ ಸಾವಿರಾರು ಮಾತುಗಳು ಬಿದ್ದಿದ್ದವು. ನಾನು ಕೇಳಲೇಬೇಕಾಗಿದ್ದ ಮಾತು ಅದರಲ್ಲಿ ಇರಲಿಲ್ಲ.

ಇದೆಲ್ಲ ಆದ ಮೇಲೆ, ಇದು ನನಗೊಬ್ಬಳಿಗೇ ಯಾಕಾಯಿತು ಎಂದು ಓದಲು ಶುರುಮಾಡಿದೆ. ಆಗ ನನಗೆ ಸಿಕ್ಕ ಉತ್ತರದಿಂದ ಸಮಾಧಾನವಾಗಲಿಲ್ಲ. ಇಂಥದ್ದರಲ್ಲಿ ಹೆಚ್ಚಿನದು ನಾನು ವ್ಯಾಪಾರಕ್ಕೆ ಇಳಿಯುವ ಮುಂಚೆಯೇ ಬಹಿರಂಗವಾಗಿ ನಡೆದುಹೋಗಿತ್ತು. 2018ರ ಜನವರಿಯಲ್ಲೇ ಮಾರ್ಕ್ ಜುಕರ್‌ಬರ್ಗ್, ಇನ್ನು ಮುಂದೆ ಫೇಸ್‌ಬುಕ್‌ನಲ್ಲಿ ಪೇಜುಗಳಿಗಿಂತ ಬಂಧು-ಮಿತ್ರರ ಮಾತುಗಳಿಗೆ ಆದ್ಯತೆ ಎಂದು ಘೋಷಿಸಿದ್ದರು. ಅಮೆರಿಕದಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಲಿಟಲ್‌ಥಿಂಗ್ಸ್ ಎಂಬ ಜಾಲತಾಣ, ಅದರಿಂದಾಗಿ ಪುಕ್ಕಟೆ ಬರುತ್ತಿದ್ದ ಓದುಗರಲ್ಲಿ ಸುಮಾರು ಮುಕ್ಕಾಲು ಪಾಲು ಕಳೆದುಕೊಂಡು ಮರುತಿಂಗಳೇ ಬಾಗಿಲು ಹಾಕಿತು. ಅದಕ್ಕೂ ಒಂದು ವರ್ಷ ಮುಂಚೆ, ಆರು ಸೆಕೆಂಡಿನ ವಿಡಿಯೊಗಳ ವೈನ್ ಎಂಬ ಆಪ್ ಅನ್ನು ಟ್ವಿಟರ್ ಮುಚ್ಚಿತ್ತು. ಅಲ್ಲಿ ಹೆಸರು ಮಾಡಿದವರೆಲ್ಲ ಬೇರೆ ಕಡೆ ಮೊದಲಿನಿಂದ ಆರಂಭಿಸಬೇಕಾಯಿತು. ನಮ್ಮಲ್ಲೇ 2020ರ ಜೂನ್ 29ರ ರಾತ್ರಿ ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ಗಲ್ವಾನ್ ಘರ್ಷಣೆಯ ನಂತರದ ತೀರ್ಮಾನ ಅದು, ಅದರ ಕಾರಣಗಳು ಬೇರೆ. ಆದರೆ ಹಳ್ಳಿಯ ಎಷ್ಟೋ ಕಲಾವಿದರು ಕಟ್ಟಿಕೊಂಡದ್ದು ಅದರ ಜತೆಗೇ ಹೋಯಿತು. ಹತ್ತು ದಿನ ಕಳೆಯುವುದರೊಳಗೆ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಮರುವರ್ಷ ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆಡಮ್ ಮೊಸೇರಿ, ನಾವಿನ್ನು ಬರೀ ಫೋಟೊ ಹಂಚುವ ಆಪ್ ಅಲ್ಲ ಎಂದರು. ಆಮೇಲೆ, ಕನ್ನಡದಿಂದಲೇ ಶುರುವಾದ ಬೆಂಗಳೂರಿನ ‘ಕೂ’ ಆಪ್ ಕೂಡ 2024ರ ಜುಲೈನಲ್ಲಿ ನಿಂತಿತು. ಪತ್ರಿಕೆಯಲ್ಲಿ ಇವುಗಳಲ್ಲಿ ಕೆಲವನ್ನು ನಾನೇ ಓದಿದ್ದೆ. ಬೇರೆಯವರ ಸುದ್ದಿ ಎಂದು ಪುಟ ಮಗುಚಿದ್ದೆ.

ಈ ಬದಲಾವಣೆಗಳ ಒಳಗಿರುವ ಒಂದು ವಿಚಾರವನ್ನು ಸಣ್ಣ ವ್ಯಾಪಾರ ಮಾಡುವವರು ಸರಿಯಾಗಿ ತಿಳಿದುಕೊಳ್ಳಬೇಕು. ಮೊದಲು ಈ ವೇದಿಕೆಗಳು, ನಮ್ಮನ್ನು ಫಾಲೋ ಮಾಡಿದವರಿಗೆ ನಮ್ಮದನ್ನು ತೋರಿಸುತ್ತಿದ್ದವು. ಚಿಕ್ಕ ವಿಡಿಯೊಗಳ ಕಾಲದಲ್ಲಿ ಹಾಗಲ್ಲ. ಯಾರು ಯಾವುದನ್ನು ಎಷ್ಟು ಹೊತ್ತು ನೋಡಿಯಾರು ಎಂದು ಆಲ್ಗರಿದಮ್ ಊಹಿಸಿ, ಫಾಲೋ ಮಾಡಿರಲಿ ಬಿಡಲಿ, ಅವರಿಗೆ ತೋರಿಸುತ್ತದೆ. ನನ್ನ ತೊಡದೇವಿನ ವಿಡಿಯೊ ಅಷ್ಟು ದೂರ ಹೋದದ್ದೂ ಅದರಿಂದ, ನನ್ನ ಉಪ್ಪಿನಕಾಯಿ ನನ್ನವರೆಂದುಕೊಂಡವರಿಗೇ ತಲುಪದೆ ಹೋದದ್ದೂ ಅದರಿಂದ. ಎರಡೂ ಒಂದೇ ಯಂತ್ರದ ಕೆಲಸ. ಅದು ಮಾರುತ್ತಿರುವುದು ಜನ ಪರದೆಯ ಮುಂದೆ ಕಳೆಯುವ ಹೊತ್ತನ್ನು. ಬಾಟಲಿ ಮಾರಾಟವಾಯಿತೇ ಎನ್ನುವುದು ಅದರ ಲೆಕ್ಕದಲ್ಲೇ ಇಲ್ಲ. ಹಾಗಾಗಿ ಫಾಲೋವರ್ಸ್ ಸಂಖ್ಯೆ ನೋಡಿ ಮಿಡಿ ಕೊಂಡ ನನ್ನ ತೀರ್ಮಾನ, ವೇದಿಕೆ ಏನನ್ನೂ ಬದಲಿಸದಿದ್ದರೂ ತಪ್ಪೇ ಆಗುತ್ತಿತ್ತು. ಬದಲಾದದ್ದರಿಂದ ಬೇಗ ಗೊತ್ತಾಯಿತು ಅಷ್ಟೆ.

ಅಳತೆ ಇನ್ನೊಬ್ಬರ ಕೈಯಲ್ಲಿರುವ ಕಥೆ ನಮ್ಮ ಕಡೆಗೆ ಹೊಸದಲ್ಲ. ಕಾಗೋಡು ಎಂಬ ಹಳ್ಳಿಯ ಹೆಸರು ನಮ್ಮ ತಾಲೂಕಿನವರಿಗೆ ಗೊತ್ತು. 1951ರಲ್ಲಿ ಅಲ್ಲಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸತ್ಯಾಗ್ರಹ ಮಾಡಿದ್ದಕ್ಕೆ ಇದ್ದ ಕಾರಣಗಳಲ್ಲಿ ಕೊಳಗದ ಅಳತೆಯೂ ಒಂದು. ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂದು ಹೇಳುವವರು ಗದ್ದೆಯ ಒಡೆಯರೇ ಆಗಿದ್ದರು. ಆ ರೈತರ ಬದುಕಿನ ಕಷ್ಟದ ಪಕ್ಕದಲ್ಲಿ ನನ್ನದನ್ನು ಇಡುವ ಧೈರ್ಯ ನನಗಿಲ್ಲ. ಆದರೆ ಬೇರೆಯವರ ನೆಲದಲ್ಲಿ ದುಡಿಯುವಾಗ ಅಳತೆಯೂ ಬೇರೆಯವರದೇ ಆಗಿರುತ್ತದೆ ಎಂಬುದನ್ನು ನಮ್ಮ ಮಾವನವರ ತಲೆಮಾರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಆ ರೈತರಿಗೆ ಎದುರು ನಿಂತು ಹೇಳಲು ಒಬ್ಬ ಒಡೆಯರಾದರೂ ಇದ್ದರು, ಆಮೇಲೆ ಭೂಸುಧಾರಣೆಯ ಕಾನೂನು ಬಂತು. ಮೊಬೈಲಿನಲ್ಲಿ ಹೊಟ್ಟೆ ಹೊರೆಯುವ ನಮ್ಮಂಥವರ ಪರವಾಗಿ ಅಂಥ ಮಾತನ್ನು ನಮ್ಮ ಕಡೆ ಯಾರ ಬಾಯಲ್ಲೂ ನಾನಿನ್ನೂ ಕೇಳಿಲ್ಲ. ಕೇಳಿಬರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಖಾತೆ ಮುಚ್ಚುವ ಮುಂಚೆ ಕಾರಣ ಹೇಳಬೇಕು, ಒಬ್ಬ ಮನುಷ್ಯ ಫೋನ್ ಎತ್ತಬೇಕು, ಗಿರಾಕಿಯ ವಿಳಾಸ ಮಾರಿದವಳಿಗೆ ಸಿಗಬೇಕು. ಇದು ಬಹಳ ದೊಡ್ಡ ಬೇಡಿಕೆಯೇನಲ್ಲ.

ಈಗ ನಾನು ಮಾಡುತ್ತಿರುವುದು ಹೀಗೆ. ಸಂಕ್ರಾಂತಿ ಕಳೆದ ಮೇಲೆ ಹಳೆಯ ಗಿರಾಕಿಗಳಿಗೆ ಈ ವರ್ಷ ಎಷ್ಟು ಬೇಕು ಎಂದು ಕೇಳುತ್ತೇನೆ, ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳುತ್ತೇನೆ. ಬಂದ ಮುಂಗಡಕ್ಕೆ ಸ್ವಲ್ಪ ಸೇರಿಸಿ ಅಷ್ಟೇ ಮಿಡಿ ಇಳಿಸುವುದು. ಹೆಸರು, ವಿಳಾಸ, ಫೋನು ಎಲ್ಲ ಒಂದು ದಪ್ಪ ಪುಸ್ತಕದಲ್ಲಿದೆ, ಅದರ ನಕಲು ಮಗಳ ಹತ್ತಿರ. ಸುದ್ದಿ ಮುಟ್ಟಿಸಲು ವಾಟ್ಸಾಪ್ ಬಳಸುತ್ತೇನೆ. ಅದರ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಈ ಮಿತಿ ನನಗೆ ಒಳ್ಳೆಯದೇ ಆಯಿತು, ನಂಬರ್ ಸೇವ್ ಮಾಡಿಕೊಳ್ಳುವಷ್ಟು ಬೇಕಾದವರು ಯಾರು ಎಂದು ಅದರಿಂದಲೇ ಗೊತ್ತಾಗುತ್ತದೆ. ವಾಟ್ಸಾಪೂ ಬೇರೆಯವರ ನೆಲವೇ. 2014ರಿಂದ ಅದೂ ಫೇಸ್‌ಬುಕ್‌ನವರದು. 2021ರ ಅಕ್ಟೋಬರ್ 4ರ ರಾತ್ರಿ, ನವರಾತ್ರಿಗೆ ಮೂರು ದಿನವಿರುವಾಗ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತಿದ್ದವು. ಅದಕ್ಕೇ ಪ್ರತಿ ಡಬ್ಬದೊಳಗೆ ಒಂದು ಕಾರ್ಡು ಇಡುತ್ತೇನೆ: ನಮ್ಮ ಫೋನ್ ನಂಬರು, ಅಂಚೆ ವಿಳಾಸ, ಯಾವ ಮರದ ಮಿಡಿ, ಯಾವ ತಿಂಗಳು ಉಪ್ಪಿಗೆ ಹಾಕಿದ್ದು.

ವಿಡಿಯೊ ಹಾಕುವುದನ್ನು ಬಿಟ್ಟಿಲ್ಲ, ಬಿಡಬೇಕೆಂದೂ ಹೇಳುವುದಿಲ್ಲ. ಹೊಸಬರು ನಮ್ಮನ್ನು ಕಾಣುವುದು ಅಲ್ಲೇ. ಆದರೆ ಕೆಲಸ ಮುಗಿದ ಮೇಲೆ, ಮಾಡಿದ್ದನ್ನು ಮಾಡಿದ ಹಾಗೆ ತೋರಿಸುತ್ತೇನೆ. ತೋರಿಸುವುದಕ್ಕೋಸ್ಕರ ಏನನ್ನೂ ಮಾಡುವುದಿಲ್ಲ. ಅತ್ತೆಯವರು ಈಚೆಗೆ ಮತ್ತೆ ಕೂರುತ್ತಾರೆ. ಅವರ ಕೈಯಲ್ಲಿ ಅದೇ ಕೋಲು, ಅದೇ ಬಟ್ಟೆ ಇರುತ್ತದೆ, ಕೆಳಗೆ ಯಾರು ಏನೇ ಬರೆಯಲಿ. ತೊಡದೇವು ಮಾರಾಟಕ್ಕಿಲ್ಲ, ಮನೆಗೆ ಬಂದರೆ ತಿನ್ನಬಹುದು ಎಂದು ಕೆಳಗೆ ಬರೆದಿರುತ್ತೇನೆ. ಒಂದೆರಡು ಕುಟುಂಬದವರು ಬಂದೂ ಇದ್ದಾರೆ. ಉಪ್ಪಿನ ತೀರ್ಮಾನ ಪೂರಾ ಅತ್ತೆಯವರದು. ಅಡವಿಟ್ಟ ಚಿನ್ನದಲ್ಲಿ ಬಳೆಗಳು ವಾಪಸು ಬಂದಿವೆ, ಸರ ಇನ್ನೂ ಬರಬೇಕು.

ಈ ಸಲ ಹೂ ಬಿಟ್ಟಾಗ ಮೋಡ ಕವಿದು ಜಿಗಿಹುಳು ಹತ್ತಿತು, ಮುಂಗಡ ಕೊಟ್ಟವರಿಗೂ ಸಾಲುವಷ್ಟು ಮಿಡಿ ಸಿಗಲಿಲ್ಲ. ಪುಸ್ತಕ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿ, ಕೇಳಿದ ಅರ್ಧದಷ್ಟು ಮಾತ್ರ ಕಳಿಸುತ್ತೇನೆ, ಉಳಿದ ದುಡ್ಡು ಹಿಂದಕ್ಕೆ ಹಾಕುತ್ತೇನೆ ಎಂದೆ. ಹೆಚ್ಚಿನವರು ಮುಂದಿನ ವರ್ಷದ ಮುಂಗಡಕ್ಕೆ ಇಟ್ಟುಕೊಳ್ಳಿ ಎಂದರು. ದಾವಣಗೆರೆಯ ಒಬ್ಬ ಟೀಚರು ವಾಪಸು ಕೇಳಿದರು, ಮಗನ ಮದುವೆಯ ಖರ್ಚಿದೆಯಂತೆ. ಅವತ್ತೇ ಕಳಿಸಿದೆ. ಮದುವೆಗೆ ಕರೆದಿದ್ದಾರೆ.